ಸರಾಸರಿಯ ಸತ್ಯಪರೀಕ್ಷೆ

ಅನ್ನ ಬೆಂದಿದೆಯೇ ಇಲ್ಲವೇ ಎಂದು ತಿಳಿಯಲು ಅಡುಗೆ ಮಾಡುವವರು ಪಾತ್ರೆಯ ಅನ್ನವನ್ನೆಲ್ಲ ಹಿಚುಕಿ ನೋಡುವುದಿಲ್ಲ. ಸೌಟಿನ ತುದಿಗೆ ಬಂದ ಒಂದು ಅಗುಳನ್ನು ಬೆರಳುಗಳ ನಡುವೆ ಒತ್ತಿ ನೋಡುತ್ತಾರೆ. ಆ ಒಂದು ಅಗುಳು ನುಡಿದ ಸಾಕ್ಷ್ಯವನ್ನು ಇಡೀ ಪಾತ್ರೆಗೆ ಅನ್ವಯಿಸಿ ಒಲೆಯನ್ನು ಆರಿಸುತ್ತಾರೆ. ಈ ತೀರ್ಮಾನ ಸಾಮಾನ್ಯವಾಗಿ ತಪ್ಪುವುದಿಲ್ಲ. ಏಕೆಂದರೆ ಅಕ್ಕಿ ಒಂದೇ, ನೀರು ಒಂದೇ, ಉರಿಯೂ ಒಂದೇ. ಒಂದು ಅಗುಳಿಗೂ ಮತ್ತೊಂದು ಅಗುಳಿಗೂ ಹೇಳಿಕೊಳ್ಳುವಂಥ ಭೇದವಿರುವುದಿಲ್ಲ.

ಆದರೆ ಲೋಕದ ವಸ್ತುಗಳೆಲ್ಲ ಅನ್ನದ ಅಗುಳುಗಳಂತೆ ಇರುವುದಿಲ್ಲ. ಒಂದೇ ಹೊಲದಲ್ಲಿ ಒಂದು ತೆನೆ ತುಂಬಿರುತ್ತದೆ, ಪಕ್ಕದ್ದು ಜೊಳ್ಳಾಗಿರುತ್ತದೆ. ಒಂದೇ ಔಷಧ ಒಬ್ಬನಿಗೆ ನಿದ್ದೆ ತರುತ್ತದೆ, ಇನ್ನೊಬ್ಬನಿಗೆ ಇದ್ದ ನಿದ್ದೆಯನ್ನೂ ಕೆಡಿಸುತ್ತದೆ. ಒಂದೇ ಯಂತ್ರ ತುಂಬಿದ ಬೇಳೆಯ ಪೊಟ್ಟಣಗಳಲ್ಲಿ ಒಂದು ನಾಲ್ಕು ಗ್ರಾಂ ಹೆಚ್ಚು ತೂಗಿದರೆ ಮತ್ತೊಂದು ಆರು ಗ್ರಾಂ ಕಡಿಮೆ ತೂಗುತ್ತದೆ. ಹೀಗೆ ಏರುಪೇರಾಗುವ ವಸ್ತುಗಳಲ್ಲಿ ಕೆಲವನ್ನು ಮಾತ್ರ ನೋಡಿ, ನಾವು ನೋಡದಿರುವ ಎಲ್ಲದರ ಸರಾಸರಿಯ ಬಗ್ಗೆ ಮಾತನಾಡಬಹುದೆ? ಮಾತನಾಡಬಹುದಾದರೆ ಎಷ್ಟು ಧೈರ್ಯದಿಂದ ಮಾತನಾಡಬಹುದು? ಈ ಪ್ರಶ್ನೆಗೆ ಸಂಖ್ಯಾಶಾಸ್ತ್ರ ಕೊಟ್ಟಿರುವ ಉತ್ತರವೇ ಈ ಭಾಷಣದ ವಿಷಯ.

ಗಣಿತವೆಂದೊಡನೆ ರೇಡಿಯೋ ಆರಿಸಬೇಕಾಗಿಲ್ಲ. ಕೂಡುವುದು, ಕಳೆಯುವುದು, ಭಾಗಿಸುವುದು, ಒಂದೆರಡು ಕಡೆ ವರ್ಗಮೂಲ, ಇಷ್ಟರಲ್ಲೇ ನಮ್ಮ ಕೆಲಸ ಮುಗಿಯುತ್ತದೆ. ಕಾಗದ ಪೆನ್ಸಿಲು ಹತ್ತಿರವಿದ್ದರೆ ಅಂಕಿಗಳನ್ನು ಬರೆದುಕೊಳ್ಳಬಹುದು.

ಒಂದು ಮನೆಮಾತಿನ ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ತೊಗರಿಬೇಳೆಯ ಪೊಟ್ಟಣದ ಮೇಲೆ 500 ಗ್ರಾಂ ಎಂದು ಅಚ್ಚಾಗಿದೆ. ಒಬ್ಬ ಗೃಹಿಣಿಗೆ ಅನುಮಾನ ಬಂದು, ಬೇರೆ ಬೇರೆ ಅಂಗಡಿಗಳಿಂದ ಅದೇ ಗುರುತಿನ 9 ಪೊಟ್ಟಣಗಳನ್ನು ತರಿಸಿ, ಒಳಗಿನ ಬೇಳೆಯನ್ನು ಒಳ್ಳೆಯ ತಕ್ಕಡಿಯಲ್ಲಿ ತೂಗಿದಳು. ಬಂದ ತೂಕಗಳು ಇವು: 490, 490, 492, 494, 497, 499, 501, 503, 507. ಇವನ್ನೆಲ್ಲ ಕೂಡಿದರೆ 4473 ಗ್ರಾಂ. 9ರಿಂದ ಭಾಗಿಸಿದರೆ ಸರಾಸರಿ 497 ಗ್ರಾಂ. ಅಚ್ಚಿನ ಮಾತಿಗಿಂತ 3 ಗ್ರಾಂ ಕಡಿಮೆ.

"ನೋಡಿದಿರಾ, ಮೋಸ!" ಎಂದು ಗೃಹಿಣಿ ಹೇಳಬಹುದು. 3 ಗ್ರಾಂ ಎಂದರೆ ಒಂದು ಮನೆಗೆ ಏನೂ ಅಲ್ಲ ನಿಜ. ಆದರೆ ಒಂದು ಲಕ್ಷ ಪೊಟ್ಟಣಗಳಲ್ಲಿ ತಲಾ 3 ಗ್ರಾಂ ಉಳಿಸಿದವನ ಉಗ್ರಾಣದಲ್ಲಿ 300 ಕಿಲೋಗ್ರಾಂ ಬೇಳೆ ಬಿಟ್ಟಿಯಾಗಿ ಉಳಿಯುತ್ತದೆ. "ಸ್ವಾಮಿ, ಮೂರು ಪೊಟ್ಟಣಗಳಲ್ಲಿ ಹೆಚ್ಚೇ ಬಂದಿದೆಯಲ್ಲ! ಯಂತ್ರವೆಂದ ಮೇಲೆ ಸ್ವಲ್ಪ ಹೆಚ್ಚುಕಡಿಮೆ ಇದ್ದದ್ದೇ. ಇನ್ನೊಂಬತ್ತು ತೂಗಿ ನೋಡಿ, 503 ಬಂದೀತು" ಎಂದು ವರ್ತಕ ಹೇಳಬಹುದು. ಇಬ್ಬರ ಮಾತಿನಲ್ಲೂ ಹುರುಳಿದೆ. ಇಬ್ಬರಲ್ಲಿ ಯಾರಿಗೂ ಅನ್ಯಾಯವಾಗದಂತೆ ತೀರ್ಪು ಕೊಡುವ ಬಗೆ ಯಾವುದು?

ಇಲ್ಲಿ ಎರಡು ಮಾತುಗಳ ಪರಿಚಯ ಅಗತ್ಯ. ಆ ಯಂತ್ರ ತುಂಬಿರುವ ಎಲ್ಲ ಪೊಟ್ಟಣಗಳೂ ಸೇರಿ ಒಂದು ಸಮಷ್ಟಿ. ಅದರಿಂದ ನಾವು ಆರಿಸಿ ತೂಗಿದ 9 ಪೊಟ್ಟಣಗಳು ಮಾದರಿ. ಮಾದರಿಯ ಸರಾಸರಿ ನಮ್ಮ ಕೈಯಲ್ಲಿದೆ; ಅದು 497. ಸಮಷ್ಟಿಯ ಸರಾಸರಿಯನ್ನು ಯಾರೂ ಕಂಡಿಲ್ಲ. ಅದು 500 ಎಂಬುದು ವರ್ತಕನ ಹೇಳಿಕೆ. ಈ ಹೇಳಿಕೆಯನ್ನು ಶಾಸ್ತ್ರದಲ್ಲಿ ಪ್ರಾಕ್ಕಲ್ಪನೆ ಎನ್ನುತ್ತಾರೆ; ಪರೀಕ್ಷೆಗೆ ಒಡ್ಡುವ ಮುನ್ನ ಇಟ್ಟುಕೊಂಡ ಊಹೆ ಎಂದು ಅರ್ಥ. ನಾವು ಅದನ್ನು ಸರಳವಾಗಿ ಊಹೆ ಎಂದೇ ಕರೆಯೋಣ.

ನ್ಯಾಯಸ್ಥಾನದಲ್ಲಿ ಅಪರಾಧ ರುಜುವಾತಾಗುವ ತನಕ ಆಪಾದಿತನನ್ನು ನಿರಪರಾಧಿಯೆಂದೇ ಭಾವಿಸುತ್ತಾರಷ್ಟೆ. ಸಂಖ್ಯಾಶಾಸ್ತ್ರವೂ ಅದೇ ನೀತಿಯನ್ನು ಹಿಡಿಯುತ್ತದೆ. ಮೊದಲು ವರ್ತಕನ ಮಾತು ನಿಜವೆಂದು ಒಪ್ಪಿಕೊಳ್ಳುತ್ತದೆ. ಅನಂತರ ಕೇಳುತ್ತದೆ: "ಸಮಷ್ಟಿಯ ಸರಾಸರಿ ನಿಜವಾಗಿ 500 ಗ್ರಾಮೇ ಆಗಿದ್ದರೆ, ಕೇವಲ ಆಕಸ್ಮಿಕದಿಂದ ಇಷ್ಟು ಕಡಿಮೆಯ ಮಾದರಿ ನಮ್ಮ ಕೈಗೆ ಸಿಗುವುದು ಎಷ್ಟು ಅಪರೂಪ?" ಅಷ್ಟೇನೂ ಅಪರೂಪವಲ್ಲವೆಂದಾದರೆ ಆಪಾದನೆ ನಿಲ್ಲುವುದಿಲ್ಲ. ಬಹಳ ಅಪರೂಪವೆಂದಾದರೆ, ಆಕಸ್ಮಿಕದ ಮೇಲೆ ಅಷ್ಟು ಭಾರ ಹೊರಿಸುವುದಕ್ಕಿಂತ ಊಹೆಯನ್ನೇ ಕೈಬಿಡುವುದು ವಿವೇಕ.

ಹಾಗಾದರೆ ಅಪರೂಪವನ್ನು ಅಳೆಯುವುದು ಹೇಗೆ? ಮೂರು ಸಂಗತಿಗಳನ್ನು ನೋಡಬೇಕು. ಮೊದಲನೆಯದು, ಅಂತರ ಎಷ್ಟು ಎಂಬುದು. ಇಲ್ಲಿ ಅದು 3 ಗ್ರಾಂ. ಎರಡನೆಯದು, ಪೊಟ್ಟಣಗಳು ತಮ್ಮತಮ್ಮಲ್ಲೇ ಎಷ್ಟು ಚದುರಿವೆ ಎಂಬುದು. ಎಲ್ಲ ಪೊಟ್ಟಣಗಳೂ 496, 497, 498 ಎಂದು ಒತ್ತಾಗಿ ನಿಂತಿದ್ದರೆ 3 ಗ್ರಾಮಿನ ಕೊರತೆ ಗಂಭೀರವಾದದ್ದು. 470ರಿಂದ 520ರವರೆಗೆ ಚೆಲ್ಲಾಪಿಲ್ಲಿಯಾಗಿದ್ದರೆ ಅದೇ 3 ಗ್ರಾಮಿಗೆ ಬೆಲೆಯಿಲ್ಲ. ಮೂರನೆಯದು, ಎಷ್ಟು ಪೊಟ್ಟಣಗಳನ್ನು ತೂಗಿದೆವು ಎಂಬುದು. ಹೆಚ್ಚು ತೂಗಿದಷ್ಟೂ ಹೆಚ್ಚಿನವು ಕಡಿಮೆಯವು ಒಂದನ್ನೊಂದು ಸರಿದೂಗಿಸಿಕೊಂಡು, ಮಾದರಿಯ ಸರಾಸರಿ ಸ್ಥಿರವಾಗುತ್ತ ಹೋಗುತ್ತದೆ.

ಚದುರುವಿಕೆಯನ್ನು ಅಳೆಯಲು ಒಂದು ಕ್ರಮವಿದೆ. ಪ್ರತಿಯೊಂದು ತೂಕವೂ ಸರಾಸರಿಯಿಂದ ಎಷ್ಟು ದೂರವಿದೆಯೆಂದು ಕಂಡು, ಆ ದೂರವನ್ನು ಅದರಿಂದಲೇ ಗುಣಿಸಿ, ಎಲ್ಲವನ್ನೂ ಕೂಡಬೇಕು. ನಮ್ಮ 9 ಪೊಟ್ಟಣಗಳಿಗೆ ಆ ಮೊತ್ತ 288. ಇದನ್ನು ಪೊಟ್ಟಣಗಳ ಸಂಖ್ಯೆಗಿಂತ ಒಂದು ಕಡಿಮೆ, ಅಂದರೆ 8ರಿಂದ ಭಾಗಿಸಿದರೆ 36; ಅದರ ವರ್ಗಮೂಲ 6. ಈ 6 ಗ್ರಾಮಿಗೆ ಮಾನಕ ವಿಚಲನೆ ಎಂದು ಹೆಸರು. ಇದು ಒಂದೊಂದು ಪೊಟ್ಟಣದ ಚಾಂಚಲ್ಯ. 9 ಪೊಟ್ಟಣಗಳ ಸರಾಸರಿಯ ಚಾಂಚಲ್ಯ ಇದಕ್ಕಿಂತ ಕಡಿಮೆ. 6ನ್ನು 9ರ ವರ್ಗಮೂಲವಾದ 3ರಿಂದ ಭಾಗಿಸಿದರೆ ಸಿಗುವ 2 ಗ್ರಾಂ ಅದು. ಈಗ ನಮ್ಮ ಅಂತರವನ್ನು ಈ ಅಳತೆಗೋಲಿನಿಂದ ಅಳೆಯೋಣ. ಅಂತರ 3, ಅಳತೆಗೋಲು 2; ಅನುಪಾತ ಒಂದೂವರೆ.

ಈ ಒಂದೂವರೆ ಎಂಬುದು ದೊಡ್ಡದೆ, ಸಣ್ಣದೆ? ಅದಕ್ಕೆ ಒಂದು ಕೋಷ್ಟಕ ಇದೆ. ತೂಕಗಳು ಸರಾಸರಿಯ ಎರಡು ಕಡೆಗೂ ಸಮವಾಗಿ, ನಡುವೆ ಹೆಚ್ಚು ಅಂಚಿನಲ್ಲಿ ಕಡಿಮೆ ಎಂಬಂತೆ ಹರಡಿದ್ದರೆ, ಆ ಕೋಷ್ಟಕ ಹೇಳುವುದು ಹೀಗೆ: ಯಂತ್ರ ಪ್ರಾಮಾಣಿಕವಾಗಿದ್ದಾಗ, 9 ಪೊಟ್ಟಣಗಳ ಮಾದರಿಯಲ್ಲಿ ಈ ಅನುಪಾತ ಕೊರತೆಯ ಕಡೆಗೆ 1.86ನ್ನು ಮೀರುವುದು 100ರಲ್ಲಿ 5 ಸಲ ಮಾತ್ರ. ನಮ್ಮದು 1.5. ಗೆರೆಯನ್ನು ದಾಟಲಿಲ್ಲ. ಆದ್ದರಿಂದ ಈ 9 ಪೊಟ್ಟಣಗಳ ಸಾಕ್ಷ್ಯದ ಮೇಲೆ ವರ್ತಕನನ್ನು ಮೋಸಗಾರನೆನ್ನಲು ಬರುವುದಿಲ್ಲ.

ಆದರೆ ಗಮನವಿರಲಿ: ಅವನು ಪ್ರಾಮಾಣಿಕನೆಂದು ಸಿದ್ಧವಾಯಿತೆಂದೂ ಹೇಳಲು ಬರುವುದಿಲ್ಲ. ಸಾಕ್ಷ್ಯ ಸಾಲದು ಎಂಬುದಷ್ಟೇ ತೀರ್ಪು. ಗೃಹಿಣಿ ಹಟ ಬಿಡದೆ 36 ಪೊಟ್ಟಣಗಳ ಹೊಸ ಮಾದರಿಯನ್ನು ತೂಗಿದಳೆಂದೂ, ಆಗಲೂ ಸರಾಸರಿ 497, ಮಾನಕ ವಿಚಲನೆ 6 ಬಂತೆಂದೂ ಇಟ್ಟುಕೊಳ್ಳೋಣ. ಈಗ 36ರ ವರ್ಗಮೂಲ 6, ಅಳತೆಗೋಲು 1 ಗ್ರಾಂ, ಅನುಪಾತ 3. ಕೋಷ್ಟಕದಲ್ಲಿ 36ರ ಮಾದರಿಗೆ ಗೆರೆ 1.69. ಈ ಸಲ ಗೆರೆಯನ್ನು ದಾಟಿ ಬಹಳ ದೂರ ಬಂದಾಯಿತು. ಅದೇ 3 ಗ್ರಾಂ ಕೊರತೆ. ಮೊದಲು ಅನುಮಾನವಾಗಿದ್ದದ್ದು ಈಗ ಬಲವಾದ ಸಾಕ್ಷ್ಯವಾಯಿತು. ಬದಲಾದದ್ದು ನಮ್ಮ ಶ್ರಮ ಮಾತ್ರ.

ಈ ಕೋಷ್ಟಕ ಎಲ್ಲಿಂದ ಬಂತು ಎಂಬುದು ಸ್ವಾರಸ್ಯವಾದ ಕಥೆ. ಅದು ಹುಟ್ಟಿದ್ದು ವಿಶ್ವವಿದ್ಯಾನಿಲಯದಲ್ಲಲ್ಲ. ಐರ್ಲೆಂಡಿನ ಡಬ್ಲಿನ್ ನಗರದ ಗಿನ್ನೆಸ್ ಎಂಬ ಬಿಯರು ಕಾರ್ಖಾನೆಯ ಕೆಲಸದಿಂದ. 1876ರಲ್ಲಿ ಹುಟ್ಟಿದ ವಿಲಿಯಂ ಸೀಲಿ ಗಾಸೆಟ್ ಎಂಬಾತ ಆಕ್ಸ್‌ಫರ್ಡಿನಲ್ಲಿ ರಸಾಯನಶಾಸ್ತ್ರವನ್ನೂ ಗಣಿತವನ್ನೂ ಓದಿ 1899ರಲ್ಲಿ ಅಲ್ಲಿ ಕೆಲಸಕ್ಕೆ ಸೇರಿದ. ಯಾವ ಬಾರ್ಲಿ ಉತ್ತಮ, ಯಾವ ಗೊಬ್ಬರದಿಂದ ಇಳುವರಿ ಹೆಚ್ಚು ಎಂಬಂಥ ಪ್ರಶ್ನೆಗಳು ದಿನವೂ ಅವನ ಮುಂದೆ ಬರುತ್ತಿದ್ದವು. ಬಾರ್ಲಿಯ ಪ್ರಯೋಗಕ್ಕೆ ಒಂದು ವರ್ಷ ಬೇಕು, ಹೊಲ ಬೇಕು, ಹಣ ಬೇಕು. ನೂರಾರು ಪ್ರಯೋಗಗಳು ಸಾಧ್ಯವಿಲ್ಲ. ನಾಲ್ಕೋ ಐದೋ ಹತ್ತೋ ಅಂಕಿಗಳಿಂದಲೇ ತೀರ್ಮಾನಿಸಬೇಕು.

ಆ ಕಾಲದ ಪಂಡಿತರ ಬಳಿ ಇದ್ದ ಸೂತ್ರಗಳು ದೊಡ್ಡ ಮಾದರಿಗಳಿಗೆ ಹೊಂದುವಂಥವು. ಮಾದರಿ ದೊಡ್ಡದಾಗಿದ್ದರೆ ಅದರಿಂದ ಕಂಡುಕೊಂಡ ಚದುರುವಿಕೆಯೂ ನಂಬಿಕೆಗೆ ಅರ್ಹವಾಗಿರುತ್ತದೆ. ನಾಲ್ಕೇ ಅಂಕಿಗಳಿದ್ದಾಗ ಹಾಗಲ್ಲ. ಸರಾಸರಿಯಲ್ಲೂ ಅನಿಶ್ಚಯ, ಆ ಅನಿಶ್ಚಯವನ್ನು ಅಳೆಯುವ ಕೋಲಿನಲ್ಲೂ ಅನಿಶ್ಚಯ. ಬಟ್ಟೆಯನ್ನು ಅಳೆಯುವ ಗಜದ ಕೋಲೇ ಒಮ್ಮೆ ಉದ್ದ ಒಮ್ಮೆ ಗಿಡ್ಡ ಆದಂತೆ. ಈ ಎರಡನೆಯ ಅನಿಶ್ಚಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಅವಸರದ ತೀರ್ಪುಗಳು ಹೆಚ್ಚುತ್ತವೆ ಎಂಬುದನ್ನು ಗಾಸೆಟ್ ಕಂಡುಕೊಂಡ. 1906ರಿಂದ ಸುಮಾರು ಒಂದು ವರ್ಷ ಲಂಡನ್ನಿನಲ್ಲಿ ಕಾರ್ಲ್ ಪಿಯರ್‌ಸನ್ನರ ಬಳಿ ಇದ್ದು, ಈ ಲೆಕ್ಕವನ್ನು ಬಿಡಿಸಿದ.

ತನ್ನ ಲೆಕ್ಕ ಸರಿಯೇ ಎಂದು ನೋಡಲು ಅವನು ಮಾಡಿದ ಕೆಲಸ ಯಾರಿಗಾದರೂ ಅರ್ಥವಾಗುವಂಥದ್ದು. 3000 ಮಂದಿ ಅಪರಾಧಿಗಳ ಎತ್ತರ ಮತ್ತು ಎಡಗೈಯ ನಡುಬೆರಳಿನ ಉದ್ದ ಆಗಲೇ ಅಚ್ಚಾಗಿದ್ದವು. ಗಾಸೆಟ್ ಅವನ್ನು 3000 ರಟ್ಟಿನ ಚೂರುಗಳ ಮೇಲೆ ಬರೆಸಿ, ಚೆನ್ನಾಗಿ ಕಲಸಿ, ಒಂದೊಂದಾಗಿ ಎತ್ತಿ, ನಾಲ್ಕು ನಾಲ್ಕರ ಗುಂಪುಗಳನ್ನಾಗಿ ಮಾಡಿದ. 750 ಪುಟ್ಟ ಮಾದರಿಗಳಾದವು. ಸಮಷ್ಟಿಯ ನಿಜವಾದ ಸರಾಸರಿ ಇಲ್ಲಿ ಮೊದಲೇ ಗೊತ್ತಿತ್ತು. ಪ್ರತಿಯೊಂದು ಗುಂಪಿನ ಸರಾಸರಿಯೂ ಅದರಿಂದ ಎಷ್ಟು ಸರಿಯುತ್ತದೆಯೆಂದು ಲೆಕ್ಕಹಾಕಿ, ಕಾಗದದ ಮೇಲಿನ ತನ್ನ ಸಿದ್ಧಾಂತದೊಡನೆ ಹೋಲಿಸಿದ. ಎರಡೂ ಚೆನ್ನಾಗಿ ಹೊಂದಿದವು. ಗಣಕಯಂತ್ರಗಳಿಲ್ಲದ ದಿನಗಳಲ್ಲಿ ಇದು ಸಣ್ಣ ತಾಳ್ಮೆಯ ಕೆಲಸವಲ್ಲ.

ಈ ಲೇಖನ 1908ರಲ್ಲಿ "ಬಯೋಮೆಟ್ರಿಕ" ಎಂಬ ಪತ್ರಿಕೆಯಲ್ಲಿ ಪ್ರಕಟವಾಯಿತು. ಕಾರ್ಖಾನೆಯ ನೌಕರರು ತಮ್ಮ ಹೆಸರಿನಲ್ಲಿ ಸಂಶೋಧನೆಗಳನ್ನು ಪ್ರಕಟಿಸುವಂತಿರಲಿಲ್ಲ. ಆದ್ದರಿಂದ ಗಾಸೆಟ್ "ಸ್ಟೂಡೆಂಟ್", ಅಂದರೆ ವಿದ್ಯಾರ್ಥಿ, ಎಂಬ ಹೆಸರಿನಿಂದ ಬರೆದ. 1937ರಲ್ಲಿ ಅವನು ತೀರಿಕೊಂಡ. ಇಂದಿಗೂ ಜಗತ್ತಿನ ವಿಶ್ವವಿದ್ಯಾನಿಲಯಗಳಲ್ಲಿ ಈ ಪರೀಕ್ಷೆಯನ್ನು ವಿದ್ಯಾರ್ಥಿಯ ಪರೀಕ್ಷೆಯೆಂದೇ ಪಾಠ ಹೇಳುತ್ತಾರೆ. ಪುಟ್ಟ ಮಾದರಿಯಿದ್ದಾಗ ಗೆರೆಯನ್ನು ದೂರಕ್ಕೆ ಸರಿಸುವುದೇ ಅದರ ಸಾರ. ನಮ್ಮ ಬೇಳೆಯ ಲೆಕ್ಕದಲ್ಲಿ 4 ಪೊಟ್ಟಣಗಳಾದರೆ ಗೆರೆ 2.35, 9 ಆದರೆ 1.86, 36 ಆದರೆ 1.69, ಎಣಿಸಲಾರದಷ್ಟಾದರೆ 1.645. ಕಡಿಮೆ ತಿಳಿದವನು ಹೆಚ್ಚು ಸಂಕೋಚದಿಂದ ಮಾತನಾಡಬೇಕು ಎಂಬ ಲೋಕನೀತಿಯನ್ನೇ ಈ ಕೋಷ್ಟಕ ಅಂಕಿಗಳಲ್ಲಿ ಬರೆದಿಟ್ಟಿದೆ.

ಅದೇ ಲೇಖನದಲ್ಲಿ ಗಾಸೆಟ್ ಒಂದು ನಿಜವಾದ ಪ್ರಯೋಗದ ಅಂಕಿಗಳನ್ನು ತನ್ನ ಪರೀಕ್ಷೆಗೆ ಒಡ್ಡಿದ. ಅಮೆರಿಕದ ಮಿಷಿಗನ್ ಸಂಸ್ಥಾನದ ಕಲಮಜೂ ಎಂಬ ಊರಿನ ಮಾನಸಿಕ ಚಿಕಿತ್ಸಾಲಯದ ರೋಗಿಗಳಿಗೆ ನಿದ್ದೆಯ ಔಷಧಗಳನ್ನು ಕೊಟ್ಟು ನೋಡಿದ ಪ್ರಯೋಗ ಅದು. ಕುಶ್ನಿ ಮತ್ತು ಪೀಬಲ್ಸ್ ಎಂಬುವರು 1905ರಲ್ಲಿ ಅದನ್ನು ಪ್ರಕಟಿಸಿದ್ದರು. ಅದರಲ್ಲಿ 10 ರೋಗಿಗಳ ಮೇಲೆ ಎರಡು ಔಷಧಗಳನ್ನು ಪ್ರಯೋಗಿಸಿದ ಅಂಕಿಗಳನ್ನು ಗಾಸೆಟ್ ಎತ್ತಿಕೊಂಡ. ಮೊದಲನೆಯ ಔಷಧದಿಂದ ಐದು ಮಂದಿಗೆ ನಿದ್ದೆ ಹೆಚ್ಚಿತು, ನಾಲ್ವರಿಗೆ ಕಡಿಮೆಯಾಯಿತು, ಒಬ್ಬನಿಗೆ ವ್ಯತ್ಯಾಸವೇ ಆಗಲಿಲ್ಲ. ಸರಾಸರಿ ನೋಡಿದರೆ 0.75 ಗಂಟೆ, ಅಂದರೆ ಮುಕ್ಕಾಲು ಗಂಟೆ ಹೆಚ್ಚು ನಿದ್ದೆ.

ಜಾಹೀರಾತು ಬರೆಯುವವನಿಗೆ ಇಷ್ಟು ಸಾಕು: "ಮುಕ್ಕಾಲು ಗಂಟೆ ಹೆಚ್ಚು ನಿದ್ದೆ!" ಪರೀಕ್ಷಕನಿಗೆ ಸಾಲದು. ಇಲ್ಲಿ ಊಹೆಯೆಂದರೆ, ಔಷಧದಿಂದ ಸರಾಸರಿಯಲ್ಲಿ ಏನೂ ಆಗುವುದಿಲ್ಲ, ಸಮಷ್ಟಿಯ ಸರಾಸರಿ ಸೊನ್ನೆ, ಎಂಬುದು. ಅಂಕಿಗಳ ಮಾನಕ ವಿಚಲನೆ ಸುಮಾರು 1.79 ಗಂಟೆ, 10ರ ವರ್ಗಮೂಲದಿಂದ ಭಾಗಿಸಿದರೆ ಅಳತೆಗೋಲು 0.57, ಅನುಪಾತ 1.33. ಔಷಧ ನಿದ್ದೆಯನ್ನು ಹೆಚ್ಚಿಸಲೂಬಹುದು, ಕೆಡಿಸಲೂಬಹುದು. ಆದ್ದರಿಂದ ಎರಡು ಕಡೆಗೂ ಕಾವಲಿಡಬೇಕು. ಹಾಗೆ ಕಾವಲಿಟ್ಟಾಗ 10 ಮಂದಿಯ ಮಾದರಿಗೆ ಗೆರೆ 2.26. ಅನುಪಾತ ಅದರ ಹತ್ತಿರಕ್ಕೂ ಬರಲಿಲ್ಲ. ಮುಕ್ಕಾಲು ಗಂಟೆಯ ನಿದ್ದೆ ಆಕಸ್ಮಿಕದ ಕೊಡುಗೆಯಾಗಿದ್ದರೂ ಆಶ್ಚರ್ಯವಿಲ್ಲ.

ಎರಡನೆಯ ಔಷಧದ ಕಥೆ ಬೇರೆ. ಹತ್ತರಲ್ಲಿ ಒಂಬತ್ತು ಮಂದಿಗೆ ನಿದ್ದೆ ಹೆಚ್ಚಿತು. ಸರಾಸರಿ 2.33 ಗಂಟೆ, ಅನುಪಾತ 3.68. ಗೆರೆ ದಾಟಿತು. ಇನ್ನು ಎರಡು ಔಷಧಗಳಲ್ಲಿ ಯಾವುದು ಉತ್ತಮ? ಇಲ್ಲಿ ಗಾಸೆಟ್ ಮಾಡಿದ ಲೆಕ್ಕದಿಂದ ಕಲಿಯುವುದುಂಟು. ಎರಡೂ ಔಷಧಗಳನ್ನು ತೆಗೆದುಕೊಂಡವರು ಅದೇ ರೋಗಿಗಳಾದ್ದರಿಂದ, ಒಬ್ಬೊಬ್ಬನನ್ನೂ ಅವನೊಡನೆಯೇ ಹೋಲಿಸಿ, ಎರಡನೆಯದರಿಂದ ಬಂದ ಹೆಚ್ಚಳದಲ್ಲಿ ಮೊದಲನೆಯದರಿಂದ ಬಂದದ್ದನ್ನು ಕಳೆದ. ಒಬ್ಬ ಸ್ವಭಾವತಃ ಹೆಚ್ಚು ನಿದ್ದೆಯವನು, ಇನ್ನೊಬ್ಬ ಕಡಿಮೆಯವನು ಎಂಬ ತಾರತಮ್ಯ ಹೀಗೆ ಕಳೆದುಹೋಯಿತು. ಉಳಿದ ಅಂತರದ ಸರಾಸರಿ 1.58 ಗಂಟೆ, ಚದುರುವಿಕೆ 1.23, ಅನುಪಾತ 4.06. ಎರಡನೆಯದೇ ಉತ್ತಮವೆಂಬುದಕ್ಕೆ 666ಕ್ಕೆ 1ರಂತೆ ಪಂತ ಕಟ್ಟಬಹುದೆಂದು ಗಾಸೆಟ್ ಬರೆದ. ಇಂದಿನ ಎಚ್ಚರಿಕೆಯ ಮಾತಿನಲ್ಲಿ ಹೇಳುವುದಾದರೆ, ಎರಡರಲ್ಲೂ ಭೇದವೇ ಇಲ್ಲದಿದ್ದಾಗ ಯಾವ ಕಡೆಗಾದರೂ ಇಷ್ಟು ದೊಡ್ಡ ಅನುಪಾತ ಕಾಣುವುದು ಸಾವಿರದಲ್ಲಿ ಸುಮಾರು 3 ಸಲ.

ಈ "100ರಲ್ಲಿ 5" ಎಂಬ ಗೆರೆ ಯಾರು ಹಾಕಿದ್ದು ಎಂದು ಕೇಳಬಹುದು. ಅದನ್ನು ರೂಢಿಗೆ ತಂದವರು ಇಂಗ್ಲೆಂಡಿನ ರೊನಾಲ್ಡ್ ಫಿಷರ್. 1925ರ ತಮ್ಮ ಪುಸ್ತಕದಲ್ಲಿ ಅವರು ಈ ಗೆರೆಯನ್ನು ಅನುಕೂಲಕರವಾದದ್ದೆಂದು ಹೇಳಿದರು. ಅನುಕೂಲ ಎಂಬ ಮಾತನ್ನು ಮರೆಯಬಾರದು. ಅದು ಪ್ರಕೃತಿಯ ನಿಯಮವಲ್ಲ. 4.9 ಬಂದರೆ ಸತ್ಯ, 5.1 ಬಂದರೆ ಸುಳ್ಳು ಎಂದು ತಿಳಿಯುವುದು ಅವಿವೇಕ. 2016ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರಜ್ಞರ ಸಂಘವೇ ಒಂದು ಹೇಳಿಕೆ ಹೊರಡಿಸಿ, ಯಾವುದೋ ಒಂದು ಗೆರೆಯನ್ನು ದಾಟಿತೇ ಇಲ್ಲವೇ ಎಂಬುದೊಂದರಿಂದಲೇ ವೈಜ್ಞಾನಿಕ ತೀರ್ಮಾನಗಳನ್ನಾಗಲಿ ಆಡಳಿತದ ನಿರ್ಧಾರಗಳನ್ನಾಗಲಿ ಮಾಡಬಾರದೆಂದು ಎಚ್ಚರಿಸಿತು.

ಇನ್ನೊಂದು ತಪ್ಪು ತಿಳಿವಳಿಕೆ ವಿದ್ಯಾವಂತರಲ್ಲೂ ಉಂಟು. ಗೆರೆ ದಾಟಿದೊಡನೆ, "ವರ್ತಕ ನಿರಪರಾಧಿಯಾಗಿರುವ ಸಂಭವ 100ರಲ್ಲಿ 5 ಮಾತ್ರ" ಎಂದುಬಿಡುತ್ತಾರೆ. ಪರೀಕ್ಷೆ ಹಾಗೆ ಹೇಳುವುದಿಲ್ಲ. ವರ್ತಕ ನಿರಪರಾಧಿಯಾಗಿದ್ದರೆ ಇಂಥ ಮಾದರಿ 100ರಲ್ಲಿ 5ಕ್ಕಿಂತ ಕಡಿಮೆ ಸಲ ಸಿಗುತ್ತದೆ ಎಂದಷ್ಟೇ ಹೇಳುತ್ತದೆ. ಮಳೆ ಬಂದರೆ ಅಂಗಳ ಒದ್ದೆಯಾಗುತ್ತದೆ ಎನ್ನುವುದಕ್ಕೂ, ಅಂಗಳ ಒದ್ದೆಯಾಗಿದೆ, ಆದ್ದರಿಂದ ಮಳೆಯೇ ಬಂದಿರಬೇಕು ಎನ್ನುವುದಕ್ಕೂ ವ್ಯತ್ಯಾಸವಿದೆ. ಯಾರಾದರೂ ನೀರು ಚಿಮುಕಿಸಿ ರಂಗೋಲಿ ಹಾಕಲು ಸಿದ್ಧತೆ ಮಾಡಿರಬಹುದು.

ಎಲ್ಲಿ ತೀರ್ಪು ಉಂಟೋ ಅಲ್ಲಿ ತಪ್ಪು ತೀರ್ಪೂ ಉಂಟು. ಜೆರ್ಜಿ ನೇಮನ್ ಮತ್ತು ಕಾರ್ಲ್ ಪಿಯರ್‌ಸನ್ನರ ಮಗನಾದ ಎಗಾನ್ ಪಿಯರ್‌ಸನ್ ಎಂಬ ವಿದ್ವಾಂಸರು 1928ರಿಂದ 1933ರವರೆಗಿನ ತಮ್ಮ ಲೇಖನಗಳಲ್ಲಿ ಇದನ್ನು ವಿಶದಪಡಿಸಿದರು. ತಪ್ಪು ಎರಡು ಬಗೆ. ನಿರಪರಾಧಿಗೆ ಶಿಕ್ಷೆ ವಿಧಿಸುವುದು ಒಂದು. ಅಪರಾಧಿಯನ್ನು ಬಿಟ್ಟುಬಿಡುವುದು ಇನ್ನೊಂದು. ಗೆರೆಯನ್ನು ದೂರ ಸರಿಸಿದರೆ ಮೊದಲನೆಯದು ಕಡಿಮೆಯಾಗಿ ಎರಡನೆಯದು ಹೆಚ್ಚುತ್ತದೆ; ಹತ್ತಿರ ತಂದರೆ ಇದಕ್ಕೆ ವಿರುದ್ಧ. ಎರಡನ್ನೂ ಒಟ್ಟಿಗೆ ಕಡಿಮೆ ಮಾಡಬೇಕಾದರೆ ದಾರಿ ಒಂದೇ: ಹೆಚ್ಚು ಸಾಕ್ಷ್ಯ, ಅಂದರೆ ದೊಡ್ಡ ಮಾದರಿ, ಇಲ್ಲವೆ ಹೆಚ್ಚು ಜಾಣತನದ ಪ್ರಯೋಗ. ಬೇಳೆಯ ವಿಷಯದಲ್ಲಿ ಯಾವ ತಪ್ಪು ಹೆಚ್ಚು ಹಾನಿಕರ, ಔಷಧದ ವಿಷಯದಲ್ಲಿ ಯಾವುದು ಹೆಚ್ಚು ಹಾನಿಕರ ಎಂಬುದನ್ನು ಗಣಿತ ಹೇಳಲಾರದು. ಅದನ್ನು ಸಮಾಜ ತೀರ್ಮಾನಿಸಬೇಕು.

ಸಮಾಜ ಇದನ್ನು ಕಾನೂನಿನ ಮೂಲಕ ತೀರ್ಮಾನಿಸಿರುವುದೂ ಉಂಟು. ನಮ್ಮ ದೇಶದಲ್ಲಿ 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮ, ಅದರ ಅಡಿಯಲ್ಲಿ 2011ರ ಪೊಟ್ಟಣದ ಸರಕುಗಳ ನಿಯಮಗಳು ಇವೆ. ಅವು ಎರಡು ಕಡೆ ಕಣ್ಣಿಡುತ್ತವೆ. ಮಾದರಿಯ ಸರಾಸರಿ ತೂಕ ಅಚ್ಚಾದ ತೂಕಕ್ಕೆ ಕಡಿಮೆಯಾಗಬಾರದೆಂಬುದು ಒಂದು. ಯಾವ ಒಂದು ಪೊಟ್ಟಣವೂ ಮಿತಿಮೀರಿ ಕಡಿಮೆಯಿರಬಾರದೆಂಬುದು ಇನ್ನೊಂದು. 500 ಗ್ರಾಮಿನ ಪೊಟ್ಟಣಕ್ಕೆ ಈ ಮಿತಿ 15 ಗ್ರಾಂ. ಒಂದು ಪೊಟ್ಟಣ 494 ತೂಗಿದ ಮಾತ್ರಕ್ಕೆ ಅಂಗಡಿಯವನ ಮೇಲೆ ಎಗರಬೇಕಾಗಿಲ್ಲ. ಆದರೆ ಎಲ್ಲ ಪೊಟ್ಟಣಗಳನ್ನೂ 494ಕ್ಕೇ ನಿಲ್ಲಿಸಿ, ಮಿತಿಯೊಳಗೇ ಇದ್ದೇನೆ ಎಂದು ತಪ್ಪಿಸಿಕೊಳ್ಳಲೂ ಆಗುವುದಿಲ್ಲ.

ಕಾನೂನು ಮಾಪನಶಾಸ್ತ್ರದ ಅಂತರರಾಷ್ಟ್ರೀಯ ಸಂಸ್ಥೆಯ 87ನೆಯ ಶಿಫಾರಸಿನಲ್ಲಿ ಗಾಸೆಟ್ಟನ ಕೋಷ್ಟಕ ನೇರವಾಗಿಯೇ ಕೆಲಸ ಮಾಡಿದೆ. ಅದರ 2004ರ ಆವೃತ್ತಿಯಂತೆ 50 ಪೊಟ್ಟಣಗಳ ಮಾದರಿಯಲ್ಲಿ, ಮಾನಕ ವಿಚಲನೆಯನ್ನು 0.379ರಿಂದ ಗುಣಿಸಿದಷ್ಟರ ಮಟ್ಟಿಗೆ ಸರಾಸರಿಯ ಕೊರತೆಯನ್ನು ಸಂದೇಹದ ಲಾಭವೆಂದು ಬಿಟ್ಟುಕೊಡಬೇಕು. 0.379 ಎಂಬುದು ಗಾಳಿಯಿಂದ ಹಿಡಿದ ಅಂಕಿಯಲ್ಲ. 50ರ ಮಾದರಿಗೆ, ಪ್ರಾಮಾಣಿಕನಾದ ವರ್ತಕ 200ರಲ್ಲಿ 1 ಸಲಕ್ಕಿಂತ ಹೆಚ್ಚಾಗಿ ಸಿಕ್ಕಿಬೀಳಬಾರದೆಂದು ಗೆರೆಯೆಳೆದರೆ ಕೋಷ್ಟಕ ಕೊಡುವ ಸಂಖ್ಯೆ 2.68, ಅದನ್ನು 50ರ ವರ್ಗಮೂಲದಿಂದ ಭಾಗಿಸಿದರೆ 0.379. ಮಾನಕ ವಿಚಲನೆ 6 ಗ್ರಾಂ ಆದರೆ ಬಿಟ್ಟುಕೊಡುವುದು ಎರಡೂಕಾಲು ಗ್ರಾಮಿಗೆ ತುಸು ಹೆಚ್ಚು. ಸರಾಸರಿ 497 ಬಂದರೆ ಸರಕು ತಿರಸ್ಕೃತವಾಗುತ್ತದೆ.

ಈ ವಿದ್ಯೆಯಲ್ಲಿ ಭಾರತದ ಪಾಲೂ ದೊಡ್ಡದು. ಪ್ರಶಾಂತಚಂದ್ರ ಮಹಲನೋಬಿಸ್ ಅವರು 1931ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿ, ಮಾದರಿಗಳ ಮೂಲಕ ಬಂಗಾಳದ ಸೆಣಬಿನ ಬೆಳೆಯನ್ನು ಅಂದಾಜು ಮಾಡುವ ಕೆಲಸ ನಡೆಸಿದರು. ಅವರ ಜನ್ಮದಿನವಾದ ಜೂನ್ 29ನ್ನು 2007ರಿಂದ ಸಂಖ್ಯಾಶಾಸ್ತ್ರ ದಿನವೆಂದು ಆಚರಿಸುತ್ತಾರೆ. ಆ ಸಂಸ್ಥೆಯಲ್ಲಿ ಬೆಳೆದು ಜಗತ್ಪ್ರಸಿದ್ಧರಾದ ಸಿ. ಆರ್. ರಾವ್ ಅವರು 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ. ಕೇಂಬ್ರಿಜ್ಜಿನಲ್ಲಿ ಫಿಷರ್ ಅವರ ಶಿಷ್ಯರಾಗಿದ್ದ ಅವರು 1948ರಲ್ಲಿ ಪ್ರಕಟಿಸಿದ ಪರೀಕ್ಷಾವಿಧಾನವೊಂದು ಊಹೆಗಳನ್ನು ಪರೀಕ್ಷಿಸುವ ಮುಖ್ಯ ಮಾರ್ಗಗಳಲ್ಲಿ ಒಂದಾಗಿ ನಿಂತಿದೆ. 2023ರಲ್ಲಿ, 102 ವರ್ಷ ತುಂಬಿದ್ದಾಗ, ಅವರು ನಿಧನರಾದರು.

ಎಷ್ಟೇ ಒಳ್ಳೆಯ ಕೋಷ್ಟಕವಿದ್ದರೂ ಅದು ಕಾಪಾಡಲಾರದ ಮೂರು ಸ್ಥಳಗಳಿವೆ. ಮಾದರಿಯನ್ನು ಆರಿಸುವಾಗ ಪಕ್ಷಪಾತ ನುಸುಳಿದರೆ ಲೆಕ್ಕವೆಲ್ಲ ವ್ಯರ್ಥ. ಅಂಗಡಿಯವನೇ ಆರಿಸಿ ಕೊಟ್ಟ 36 ಪೊಟ್ಟಣಗಳಿಗಿಂತ, ಕಣ್ಣುಮುಚ್ಚಿ ಎತ್ತಿದ 9 ಮೇಲು. ಗಾಸೆಟ್ ತನ್ನ ರಟ್ಟಿನ ಚೂರುಗಳನ್ನು ಅಷ್ಟು ಕಲಸಿದ್ದು ಇದಕ್ಕಾಗಿಯೇ. ಎರಡನೆಯದಾಗಿ, ಗೆರೆಯನ್ನು ತೂಗುವ ಮೊದಲೇ ಎಳೆಯಬೇಕು. ಬೇಕಾದ ಉತ್ತರ ಬರುವ ತನಕ ತೂಗುತ್ತ ಹೋಗಿ, ಬಂದೊಡನೆ ನಿಲ್ಲಿಸುವವನು ಯಾರನ್ನು ಬೇಕಾದರೂ ಅಪರಾಧಿಯನ್ನಾಗಿ ಮಾಡಬಲ್ಲ. ಮೂರನೆಯದಾಗಿ, ಗೆರೆ ದಾಟಿದ್ದೆಲ್ಲ ಮಹತ್ವದ್ದಲ್ಲ. 10,000 ಪೊಟ್ಟಣಗಳನ್ನು ತೂಗಿ ಸರಾಸರಿ 499.8 ಬಂದರೆ, ಅದೇ ಮಾನಕ ವಿಚಲನೆಗೆ ಅನುಪಾತ 3.3ನ್ನು ಮೀರುತ್ತದೆ. ಕೊರತೆ ನಿಜವೆಂಬುದರಲ್ಲಿ ಸಂದೇಹ ಉಳಿಯುವುದಿಲ್ಲ. ಆದರೆ ಪೊಟ್ಟಣಕ್ಕೆ ಒಂದು ಗ್ರಾಮಿನ ಐದನೆಯ ಒಂದು ಪಾಲಿಗಾಗಿ ನೆರೆಹೊರೆಯವರನ್ನು ಕೂಡಿಸಿಕೊಂಡು ಅಂಗಡಿಯ ಮುಂದೆ ನಿಲ್ಲಬೇಕೆ ಎಂಬುದು ಬೇರೆಯೇ ಪ್ರಶ್ನೆ.

ಇದೆಲ್ಲ ಪರೀಕ್ಷಕರ, ಅಧಿಕಾರಿಗಳ ಕೆಲಸ, ನಮಗೇಕೆ ಎನ್ನಬಾರದು. ಈ ಎಣ್ಣೆಯಿಂದ ಕೊಬ್ಬು ಸರಾಸರಿ ಇಷ್ಟು ಇಳಿಯುತ್ತದೆ, ಈ ಶಾಲೆಯ ಮಕ್ಕಳ ಸರಾಸರಿ ಅಂಕ ಆ ಶಾಲೆಗಿಂತ ಮೂರು ಹೆಚ್ಚು, ಈ ದೀಪ ಸರಾಸರಿ ಇಷ್ಟು ಗಂಟೆ ಉರಿಯುತ್ತದೆ ಎಂಬ ಮಾತುಗಳು ದಿನಬೆಳಗಾದರೆ ಮನೆಯ ಬಾಗಿಲಿಗೆ ಬರುತ್ತವೆ. ಕೋಷ್ಟಕ ಕೈಯಲ್ಲಿಲ್ಲದಿದ್ದರೂ ನಾಲ್ಕು ಪ್ರಶ್ನೆಗಳನ್ನು ಕೇಳಲು ಯಾವ ಅಡ್ಡಿಯೂ ಇಲ್ಲ. ಎಷ್ಟನ್ನು ನೋಡಿ ಹೇಳುತ್ತಿದ್ದೀರಿ? ಅವು ತಮ್ಮತಮ್ಮಲ್ಲೇ ಎಷ್ಟು ಚದುರಿದ್ದವು? ಅವನ್ನು ಆರಿಸಿದವರು ಯಾರು, ಹೇಗೆ ಆರಿಸಿದರು? ಅಂತರ ಎಷ್ಟಿದ್ದರೆ ಒಪ್ಪುತ್ತೇವೆಂದು ಮೊದಲೇ ನಿಶ್ಚಯಿಸಿಕೊಂಡಿದ್ದಿರಾ? ಈ ನಾಲ್ಕಕ್ಕೂ ನೇರವಾದ ಉತ್ತರ ಕೊಡುವವನ ಸರಾಸರಿಯನ್ನು ಕುಳಿತು ಕೇಳಬಹುದು. ಉತ್ತರ ಬಾರದಿದ್ದರೆ, ಮಾತು ಸುಳ್ಳೆಂದು ಕೂಗುವ ಅವಶ್ಯಕತೆಯೂ ಇಲ್ಲ, ನಂಬಿ ಹಣ ತೆರುವ ಅವಶ್ಯಕತೆಯೂ ಇಲ್ಲ. ಸಾಕ್ಷ್ಯ ಸಾಲದು ಎಂದು ಹೇಳಿ, ಇನ್ನಷ್ಟು ತೂಗಿಕೊಂಡು ಬರುವಂತೆ ಕಳುಹಿಸಿದರಾಯಿತು.